ಓದುಗರ ಪ್ರಶ್ನೆ, ನಮ್ಮ ಉತ್ತರ: ತುರ್ತು ವೇಳೆಯಲ್ಲಿ ಸರ್ಕಾರಿ ಇಲಾಖೆಗಳ ವೈರ್‌ಲೆಸ್ ಒಂದಾಗುವುದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿವೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ಅರಣ್ಯ, ವಿದ್ಯುತ್ ಮುಂತಾದ ಸೇವೆಗಳಿಗೆ ತಮ್ಮ ತಮ್ಮದೇ ವೈರ್‌ಲೆಸ್ ಇದ್ದರೂ ದೊಡ್ಡ ಅವಘಡದ ಹೊತ್ತಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಏಕೆ ತಲುಪುವುದಿಲ್ಲ ಎಂಬುದೇ ಅವುಗಳ ಸಾರ. ವೈರ್‌ಲೆಸ್ ಕೆಲಸದಲ್ಲೇ ಬಹುಕಾಲ ಕಳೆದವನಾದ ನನಗೆ ಇದು ಮನಸ್ಸಿಗೆ ತೀರ ಹತ್ತಿರದ ವಿಷಯವಾದ್ದರಿಂದ ಇಡೀ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಪೊಲೀಸರ ಕೈಯಲ್ಲೂ ವಾಕಿ-ಟಾಕಿ ಇರುತ್ತದೆ, ಅಗ್ನಿಶಾಮಕ ಸಿಬ್ಬಂದಿಯ ಕೈಯಲ್ಲೂ ಇರುತ್ತದೆ. ಎರಡೂ ನೋಡಲು ಒಂದೇ ತರಹ ಕಾಣುತ್ತವೆ. ಹಾಗಿದ್ದೂ ಅಕ್ಕಪಕ್ಕದಲ್ಲಿ ನಿಂತವರು ಪರಸ್ಪರ ಮಾತನಾಡಲಾಗದು ಎಂದರೆ ಏನರ್ಥ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ನೋಡಲು ಒಂದೇ ತರಹ ಇದ್ದರೂ ಒಳಗೆ ಅವು ಬೇರೆಯಾಗಿರಲು ಕನಿಷ್ಠ ಮೂರು ಕಾರಣಗಳಿರುತ್ತವೆ. ಒಂದು ಇಲಾಖೆಯ ಸೆಟ್ ಕೆಲಸ ಮಾಡುವ ತರಂಗಾಂತರದ ಪಟ್ಟಿಯೇ ಇನ್ನೊಂದರ ಸೆಟ್ಟಿಗೆ ಹಿಡಿಯದಿರಬಹುದು. ಪಟ್ಟಿ ಒಂದೇ ಆದರೂ ಒಂದು ಅನಲಾಗ್, ಇನ್ನೊಂದು ಡಿಜಿಟಲ್ ಆಗಿರಬಹುದು. ಎರಡೂ ಡಿಜಿಟಲ್ ಆದರೂ ಯುರೋಪಿನಲ್ಲಿ ರೂಪುಗೊಂಡ ಟೆಟ್ರಾ ಮಾನದಂಡದ ಸೆಟ್ಟಿಗೆ ಅಮೆರಿಕದ ಪಿ25 ಮಾನದಂಡದ ಮಾತು ಅರ್ಥವಾಗುವುದಿಲ್ಲ. ಎಲ್ಲವೂ ಹೊಂದಿದರೂ ಮಾತನ್ನು ಗುಟ್ಟಾಗಿಡುವ ಎನ್‌ಕ್ರಿಪ್ಷನ್‌ನ ಕೀಲಿ ಬೇರೆಯಾಗಿದ್ದರೆ ಕಿವಿಗೆ ಏನೂ ಬೀಳುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಪ್ರತಿ ಇಲಾಖೆಯೂ ತನ್ನ ಹಣದಿಂದ, ತನಗೆ ಅನುಕೂಲವಾದ ವರ್ಷದಲ್ಲಿ, ತನ್ನ ಕೆಲಸಕ್ಕೆ ತಕ್ಕ ಸೆಟ್ ಕೊಂಡಿರುತ್ತದೆ. ಬೀದಿಯಲ್ಲಿ ಓಡುವ ವಾಹನಕ್ಕೆ ಬೇಕಾದ ಸೆಟ್ಟೇ ಬೇರೆ, ಕಾಂಕ್ರೀಟ್ ಗೋಡೆಗಳ ನಡುವೆ ತೆವಳುವವರಿಗೆ ಬೇಕಾದದ್ದೇ ಬೇರೆ, ಕಾಡಿನ ದೂರದ ಕಾವಲು ಗೋಪುರಕ್ಕೆ ಬೇಕಾದದ್ದೇ ಬೇರೆ.

ಇದರ ಬೆಲೆ ಎಷ್ಟೆಂಬುದು 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ಕಂಡಿತು. ದಕ್ಷಿಣ ಗೋಪುರ ಬೆಳಿಗ್ಗೆ 9:59ಕ್ಕೆ ಕುಸಿದ ಮೇಲೆ, ಉತ್ತರ ಗೋಪುರವೂ ಹೆಚ್ಚು ಹೊತ್ತು ನಿಲ್ಲಲಾರದೆಂದು ಮೇಲಿನಿಂದ ನೋಡುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನ ಪೈಲಟ್ ತಮ್ಮ ವೈರ್‌ಲೆಸ್ಸಿನಲ್ಲಿ ತಿಳಿಸಿದರು. ಆ ಗೋಪುರ ಕುಸಿದದ್ದು 10:28ಕ್ಕೆ. ನಡುವೆ ಸುಮಾರು 20 ನಿಮಿಷಗಳಿದ್ದವು. ಆದರೆ ಪೊಲೀಸರ ವೈರ್‌ಲೆಸ್‌ನಲ್ಲಿ ಹೋದ ಆ ಎಚ್ಚರಿಕೆ ಗೋಪುರದೊಳಗಿದ್ದ ಅಗ್ನಿಶಾಮಕ ಸಿಬ್ಬಂದಿಯ ಸೆಟ್ಟಿಗೆ ನೇರವಾಗಿ ತಲುಪುವ ದಾರಿಯೇ ಇರಲಿಲ್ಲ. ಹೊರಬನ್ನಿರೆಂದು ಅವರ ಅಧಿಕಾರಿಗಳೇ ಕೊಟ್ಟಿದ್ದ ಆದೇಶವೂ ಒಳಗಿದ್ದ ಅನೇಕರಿಗೆ ಕೇಳಿಸಲಿಲ್ಲ. ಆ ದಿನ ಸತ್ತ ನ್ಯೂಯಾರ್ಕ್ ಅಗ್ನಿಶಾಮಕ ಸಿಬ್ಬಂದಿ 343 ಮಂದಿ. ಅಷ್ಟೂ ಸಾವಿಗೆ ರೇಡಿಯೊ ಒಂದೇ ಕಾರಣವೆನ್ನುವುದು ತಪ್ಪಾಗುತ್ತದೆ, ಆದರೆ ಆ 20 ನಿಮಿಷಗಳನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಹಾಗಾದರೆ ಸರ್ಕಾರ ಎಲ್ಲರಿಗೂ ಒಂದೇ ಜಾಲ, ಒಂದೇ ಬಗೆಯ ಸೆಟ್ ಕೊಟ್ಟುಬಿಟ್ಟರೆ ಸಮಸ್ಯೆ ಮುಗಿಯಿತಲ್ಲವೇ? (ಅಗ್ನಿಶಾಮಕ ಸೇವೆಯ ನಿವೃತ್ತ ಅಧಿಕಾರಿ)

ಉತ್ತರ: ಮಾನ್ಯರೇ, ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ಒಂದೇ ಜಾಲ ಬೇಕು ಎನ್ನುವುದರಲ್ಲಿ ಈಗಲೂ ಎರಡು ಮಾತಿಲ್ಲ. ಫಿನ್‌ಲ್ಯಾಂಡ್ ತನ್ನ ವಿರ್ವೆ ಜಾಲವನ್ನು ಮೊದಲಿನಿಂದಲೂ ಪೊಲೀಸ್, ಅಗ್ನಿಶಾಮಕ, ಆರೋಗ್ಯ ಮುಂತಾದ ಎಲ್ಲ ಸೇವೆಗಳಿಗೂ ಸೇರಿಸಿಯೇ ಕಟ್ಟಿತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಇಲಾಖೆಗಳ ಬಿಡಿ ಬಿಡಿ ಜಾಲಗಳನ್ನು ಒಂದೇ ಸರ್ಕಾರಿ ರೇಡಿಯೊ ಜಾಲದೊಳಗೆ ತರುವ ಕೆಲಸವನ್ನು ಹಂತಹಂತವಾಗಿ ಮಾಡಿದೆ. ಆದರೆ ಜಾಲ ಒಂದಾದ ಮಾತ್ರಕ್ಕೆ ಮಾತು ಒಂದಾಗುವುದಿಲ್ಲ ಎಂಬುದನ್ನು ಬ್ರಿಟನ್ನಿನ ಮ್ಯಾಂಚೆಸ್ಟರ್ ನಗರ ತೋರಿಸಿಕೊಟ್ಟಿತು.

2017ರ ಮೇ 22ರ ರಾತ್ರಿ ಅಲ್ಲಿನ ಒಂದು ಸಭಾಂಗಣದಲ್ಲಿ ಬಾಂಬ್ ಸಿಡಿದು 22 ಮಂದಿ ಪ್ರಾಣ ಕಳೆದುಕೊಂಡರು. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ, ಈ ಮೂರೂ ಸೇವೆಗಳು ಆಗ ಬಳಸುತ್ತಿದ್ದುದು ಏರ್‌ವೇವ್ ಎಂಬ ಒಂದೇ ಟೆಟ್ರಾ ಜಾಲವನ್ನು. ಮೂರೂ ಸೇವೆಗಳು ಸೇರಿ ಮಾತನಾಡುವುದು ತಾಂತ್ರಿಕವಾಗಿ ಸಾಧ್ಯವಿತ್ತು. ಆದರೂ ಅಗ್ನಿಶಾಮಕ ವಾಹನಗಳು ಸ್ಥಳಕ್ಕೆ ಬಂದದ್ದು ಎರಡು ಗಂಟೆಗಳಿಗೂ ಹೆಚ್ಚು ತಡವಾಗಿ. ಇಡೀ ಕಾರ್ಯಾಚರಣೆಯ ಭಾರ ಪೊಲೀಸ್ ಕಂಟ್ರೋಲ್ ರೂಮಿನಲ್ಲಿದ್ದ ಒಬ್ಬ ಅಧಿಕಾರಿಯ ತಲೆಯ ಮೇಲೆ ಬಿದ್ದಿತ್ತು. ಅವರನ್ನು ಸಂಪರ್ಕಿಸಲು ಅಗ್ನಿಶಾಮಕ ಸೇವೆಯವರು ಮಾಡಿದ ಯತ್ನಗಳು ಫಲಿಸಲಿಲ್ಲ. ಮೂರೂ ಸೇವೆಗಳ ಕಂಟ್ರೋಲ್ ರೂಮುಗಳು ಒಂದೇ ಟಾಕ್ ಗ್ರೂಪಿಗೆ, ಅಂದರೆ ಒಬ್ಬರ ಮಾತು ಎಲ್ಲರಿಗೂ ಕೇಳುವ ಒಂದೇ ಗುಂಪಿಗೆ, ಸೇರಿ ಮಾತನಾಡುವುದು ಆ ರಾತ್ರಿ ನಡೆಯಲೇ ಇಲ್ಲ. ಮುಂದೆ ನಡೆದ ಸಾರ್ವಜನಿಕ ವಿಚಾರಣೆ ಇದನ್ನೆಲ್ಲ ವಿವರವಾಗಿ ದಾಖಲಿಸಿದೆ. ಸೆಟ್ಟುಗಳು ಕೈಯಲ್ಲೇ ಇದ್ದವು, ಜಾಲವೂ ನಿಂತಿರಲಿಲ್ಲ. ಯಾರು ಯಾವಾಗ ಯಾವ ಗುಂಪಿಗೆ ಬರಬೇಕೆಂಬ ಒಪ್ಪಂದ ಕಾಗದದ ಮೇಲಿದ್ದರೂ ಕೈಗೆ ಅಭ್ಯಾಸವಾಗಿರಲಿಲ್ಲ.

ನಾನೇ ಕಂಡ ಒಂದು ಅಣಕು ಕಾರ್ಯಾಚರಣೆಯನ್ನು ಇಲ್ಲಿ ಹೇಳಬೇಕು. ಎರಡು ಇಲಾಖೆಗಳ ಕಂಟ್ರೋಲ್ ರೂಮುಗಳು ಒಂದೇ ಕಟ್ಟಡದಲ್ಲಿ ಒಂದು ಗೋಡೆಯ ಅಂತರದಲ್ಲಿದ್ದವು. ಎರಡಕ್ಕೂ ಸೇರಿದ ಒಂದು ಚಾನೆಲ್ ಇದೆಯೆಂದು ಮೇಜಿನ ಗಾಜಿನಡಿ ಇಟ್ಟಿದ್ದ ಪಟ್ಟಿಯಲ್ಲಿ ಬರೆದಿತ್ತು, ಆದರೆ ಅದನ್ನು ತೆರೆದವರು ಯಾರೂ ಇರಲಿಲ್ಲ. ಕೊನೆಗೆ ಸಂದೇಶವನ್ನು ಚೀಟಿಯಲ್ಲಿ ಬರೆದು ಒಬ್ಬ ಹುಡುಗನ ಕೈಯಲ್ಲಿ ಕಳುಹಿಸಿದರು. ಗದ್ದಲದಲ್ಲಿ "ಮೂರನೇ ಮಹಡಿ" ಎಂದದ್ದು "ಆರನೇ ಮಹಡಿ" ಎಂದು ಕೇಳಿಸಿ ಚೀಟಿಯ ಮೇಲೆ ಬಂದಿತ್ತು. ಅಂದು ಅದು ಅಣಕು ಕಾರ್ಯಾಚರಣೆಯಷ್ಟೇ ಆದ್ದರಿಂದ ಯಾರಿಗೂ ಏನೂ ಆಗಲಿಲ್ಲ. ನಿಜವಾದ ಬೆಂಕಿಯಲ್ಲಿ ಆ ಮೂರು ಮಹಡಿಗಳ ಅಂತರ ಎಷ್ಟೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಟಾಕ್ ಗ್ರೂಪ್ ಎಂಬ ಮಾತು ಎಲ್ಲೆಡೆ ಕೇಳುತ್ತೇನೆ. ಹಳೆಯ ಚಾನೆಲ್ಲಿಗೂ ಇದಕ್ಕೂ ವ್ಯತ್ಯಾಸವೇನು? (ಎಂಜಿನಿಯರಿಂಗ್ ಓದುತ್ತಿರುವ ಓದುಗರು)

ಉತ್ತರ: ಹಳೆಯ ಪದ್ಧತಿಯಲ್ಲಿ ಒಂದು ಚಾನೆಲ್ ಎಂದರೆ ಒಂದು ತರಂಗಾಂತರ, ಅದು ಒಬ್ಬರ ಸ್ವತ್ತು, ಅವರು ಮಾತನಾಡದಿದ್ದರೆ ಖಾಲಿ ಬಿದ್ದಿರುತ್ತದೆ. ಟ್ರಂಕಿಂಗ್ ಎಂಬ ಈಗಿನ ಪದ್ಧತಿಯಲ್ಲಿ ತರಂಗಾಂತರಗಳೆಲ್ಲ ಒಂದೇ ಕಣಜದಲ್ಲಿರುತ್ತವೆ. ನೀವು ಮಾತಿನ ಗುಂಡಿ ಒತ್ತಿದಾಗ ನಿಮ್ಮ ಸೆಟ್ ಮೊದಲು ನಿಯಂತ್ರಣ ಚಾನೆಲ್ಲಿನಲ್ಲಿ ಅನುಮತಿ ಕೇಳುತ್ತದೆ, ಜಾಲದ ಕಂಪ್ಯೂಟರ್ ಆ ಗಳಿಗೆಯಲ್ಲಿ ಖಾಲಿಯಿರುವ ಒಂದು ಹಾದಿಯನ್ನು ಕೊಟ್ಟು ನಿಮ್ಮ ಗುಂಪಿನ ಎಲ್ಲ ಸೆಟ್ಟುಗಳನ್ನೂ ಅಲ್ಲಿಗೆ ಕರೆತರುತ್ತದೆ, ಆಮೇಲೆ ಚಿಕ್ಕದೊಂದು ಬೀಪ್ ಸದ್ದು ಬರುತ್ತದೆ. ಇಷ್ಟೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ನಡೆಯುತ್ತದೆ. ಟೆಟ್ರಾದಲ್ಲಿ 25 ಕಿಲೋಹರ್ಟ್ಜ್ ಅಗಲದ ಒಂದೇ ವಾಹಕ ತರಂಗದಲ್ಲಿ ಸರದಿಯ ಮೇಲೆ ನಾಲ್ಕು ಹಾದಿಗಳಿರುತ್ತವೆ. ಹೀಗಾಗಿ ಟಾಕ್ ಗ್ರೂಪ್ ಎಂದರೆ ಗಾಳಿಯಲ್ಲಿರುವ ಜಾಗವಲ್ಲ, ಹೆಸರಿನ ಪಟ್ಟಿ; ಇಲಾಖೆಗಳ ಗಡಿ ದಾಟಿ ಎಂತಹ ಪಟ್ಟಿಯನ್ನಾದರೂ ಮಾಡಬಹುದು.

ಈ ಅನುಕೂಲದ ಜೊತೆಗೇ ಒಂದು ಅಪಾಯವೂ ಇದೆ, ಅದನ್ನು ತರಬೇತಿಯಲ್ಲಿ ಒತ್ತಿ ಹೇಳಬೇಕು. ಬೀಪ್ ಬರುವ ಮೊದಲೇ ಬಾಯಿ ತೆರೆದರೆ ಮೊದಲ ಪದ ಹೋಗುತ್ತದೆ. "ಎಡಗಡೆಯ ಮೆಟ್ಟಿಲು ಹತ್ತಿ" ಎಂದದ್ದು "ಮೆಟ್ಟಿಲು ಹತ್ತಿ" ಎಂದು ತಲುಪುತ್ತದೆ. ಮಾತು ಮುಗಿಯುವ ಮೊದಲೇ ಗುಂಡಿ ಬಿಟ್ಟರೆ ಕೊನೆ ಹೋಗುತ್ತದೆ. ಕನ್ನಡದಲ್ಲಿ ಮಾತನಾಡುವವರಿಗೆ ಇದು ಇನ್ನೂ ದೊಡ್ಡ ಅಪಾಯ, ಏಕೆಂದರೆ ನಮ್ಮ ಭಾಷೆಯಲ್ಲಿ ನಿಷೇಧ ಬರುವುದೇ ಮಾತಿನ ಕೊನೆಯಲ್ಲಿ. "ಒಳಗೆ ಹೋಗಬೇಡಿ" ಎಂಬುದರ ಕೊನೆ ತುಂಡಾದರೆ ಕೇಳುವವನ ಕಿವಿಯಲ್ಲಿ ಉಳಿಯುವುದು "ಒಳಗೆ ಹೋಗ" ಎಂಬಷ್ಟೇ. ಆದ್ದರಿಂದ ಎಚ್ಚರಿಕೆಯ ಮಾತನ್ನು "ನಿಲ್ಲಿ, ನಿಲ್ಲಿ, ಹೊರಗೇ ಇರಿ" ಎಂಬಂತೆ ನಿಷೇಧಪದವಿಲ್ಲದೆ ಹೇಳುವುದನ್ನೂ, ಕೇಳಿದವರು ಅದನ್ನು ಹಿಂದಿರುಗಿ ಓದಿ ಹೇಳುವುದನ್ನೂ ರೂಢಿ ಮಾಡಿಸಬೇಕೆಂಬುದು ನನ್ನ ಆಗ್ರಹ.

ಪ್ರಶ್ನೆ: ಸಮನ್ವಯದ ಹೊಣೆ ಯಾರದಾಗಬೇಕು? ದೊಡ್ಡ ಇಲಾಖೆಯಾದ ಪೊಲೀಸರಿಗೇ ಕೊಟ್ಟರೆ ಆಗದೇ? (ಆಡಳಿತ ಸೇವೆಯಲ್ಲಿರುವ ಓದುಗರು)

ಉತ್ತರ: ಆಗುವುದಿಲ್ಲವೆಂದಲ್ಲ, ಆದರೆ ಸಣ್ಣ ಇಲಾಖೆಗಳು ಅಂಥ ಜಾಲಕ್ಕೆ ಮನಸ್ಸಿನಿಂದ ಸೇರುವುದಿಲ್ಲ. ಜಾಲ ತುಂಬಿಹೋದಾಗ ತಮ್ಮ ಕರೆ ಹಿಂದೆ ಬೀಳುತ್ತದೆಂಬ ಭಯದಿಂದ ಪ್ರತಿಯೊಬ್ಬರೂ ಹಳೆಯ ಸೆಟ್ಟನ್ನು ಬೀರುವಿನಲ್ಲಿ ಉಳಿಸಿಕೊಳ್ಳುತ್ತಾರೆ, ಕಷ್ಟದ ದಿನ ಅದನ್ನೇ ಹೊರತೆಗೆಯುತ್ತಾರೆ. ಯಾವ ಒಂದು ಸೇವೆಗೂ ಸೇರದ, ಆದರೆ ಎಲ್ಲ ಸೇವೆಗಳಿಗೂ ಮತವಿರುವ ಒಂದು ಪ್ರತ್ಯೇಕ ಪ್ರಾಧಿಕಾರ ಇರಬೇಕು, ಮತ್ತು ಅದಕ್ಕೆ ಹಣದ ಮೇಲೆ ಅಧಿಕಾರವಿರಬೇಕು. ಬರಿಯ ಸಲಹಾ ಸಮಿತಿಯ ಮಾತನ್ನು ಮುಂದಿನ ಟೆಂಡರ್ ಬಂದಾಗ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಪ್ಪಿದ ಮಾನದಂಡಕ್ಕೆ ಹೊಂದದ ಸೆಟ್ಟಿನ ಖರೀದಿಯನ್ನು ತಡೆಯುವ ಶಕ್ತಿ ಇದ್ದಾಗ ಮಾತ್ರ ಸಮನ್ವಯ ಸಾಧ್ಯ.

ಅಂಥ ಪ್ರಾಧಿಕಾರದ ನಿತ್ಯದ ಕೆಲಸ ಹೊರಗಿನವರಿಗೆ ನೀರಸವಾಗಿ ಕಾಣಬಹುದು: ಟವರ್, ಜನರೇಟರ್, ಬ್ಯಾಟರಿಗಳ ಖರ್ಚನ್ನು ಹಂಚುವುದು, ತರಂಗಾಂತರದ ಪರವಾನಗಿಗಳನ್ನು ಕಾಲಕ್ಕೆ ನವೀಕರಿಸುವುದು, ಎನ್‌ಕ್ರಿಪ್ಷನ್ ಕೀಲಿ ಬದಲಾದ ದಿನ ಎಲ್ಲರ ಸೆಟ್ಟಿನಲ್ಲೂ ಬದಲಾಗುವಂತೆ ನೋಡುವುದು. ಇವೆಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಹೆಸರಿಡುವುದನ್ನು. ಒಂದೇ ಜಂಟಿ ಗುಂಪು ಪೊಲೀಸರ ಸೆಟ್ಟಿನ ಪರದೆಯ ಮೇಲೆ ಒಂದು ಹೆಸರಿನಿಂದ, ಆಂಬುಲೆನ್ಸಿನವರ ಪರದೆಯ ಮೇಲೆ ಇನ್ನೊಂದು ಹೆಸರಿನಿಂದ ಕಂಡರೆ ಕತ್ತಲಲ್ಲಿ, ಮಳೆಯಲ್ಲಿ, ದಪ್ಪ ಕೈಗವಸು ಹಾಕಿದವರು ಅದನ್ನು ಎಲ್ಲಿ ಹುಡುಕಬೇಕು? ಸಂಕೇತಗಳ ಕಥೆಯೂ ಇದೇ. ಅಮೆರಿಕದ ಪೊಲೀಸರು ದಶಕಗಳಿಂದ ಬಳಸುತ್ತಿದ್ದ ಅಂಕಿ ಸಂಕೇತಗಳಿಗೆ ಒಂದೊಂದು ಊರಿನಲ್ಲಿ ಒಂದೊಂದು ಅರ್ಥವಿತ್ತು. ಹಲವು ಸೇವೆಗಳು ಸೇರುವ ಘಟನೆಯಲ್ಲಿ ಎಲ್ಲರಿಗೂ ತಿಳಿಯುವ ಸರಳ ಭಾಷೆಯನ್ನೇ ಬಳಸಬೇಕೆಂದು ಅಲ್ಲಿನ ಕೇಂದ್ರ ಸರ್ಕಾರ ನಿಯಮ ಮಾಡಿ, 2006ರ ಆರ್ಥಿಕ ವರ್ಷದಿಂದ ತನ್ನ ಅನುದಾನವನ್ನೇ ಅದಕ್ಕೆ ಕಟ್ಟಿಹಾಕಿತು. ಅನುದಾನಕ್ಕೆ ಕಟ್ಟಿದ್ದರಿಂದ ನಿಯಮಕ್ಕೆ ಬಲ ಬಂತು.

ಪ್ರಶ್ನೆ: ಎಲ್ಲರ ಬಳಿಯೂ ಮೊಬೈಲ್ ಇರುವಾಗ ಇಷ್ಟೆಲ್ಲ ಖರ್ಚು ಏಕೆ? (ವ್ಯಾಪಾರಿ)

ಉತ್ತರ: ಅವಘಡವಾದಾಗ ಸುತ್ತಲಿನ ಜನರೆಲ್ಲ ಒಟ್ಟಿಗೆ ಫೋನ್ ಹಿಡಿಯುವುದರಿಂದ ಸಾರ್ವಜನಿಕ ಜಾಲ ಮೊದಲು ಕಟ್ಟಿಕೊಳ್ಳುತ್ತದೆ. ಅದಕ್ಕಾಗಿಯೇ ಅಮೆರಿಕ 2012ರ ಕಾನೂನಿನ ಮೂಲಕ ಫಸ್ಟ್‌ನೆಟ್ ಸ್ಥಾಪಿಸಿ, ತುರ್ತು ಸೇವೆಗಳ ಸಿಬ್ಬಂದಿಯ ಕರೆಗೆ ಮೊಬೈಲ್ ಜಾಲದಲ್ಲಿ ಮೊದಲ ಆದ್ಯತೆ ಸಿಗುವಂತೆ ಮಾಡಿತು. ಚಿತ್ರ, ನಕ್ಷೆ, ವಿಡಿಯೊಗಳಿಗೆ ಇದು ಬಹಳ ಉಪಯುಕ್ತ. ಆದರೆ ಟವರ್ ಬಿದ್ದಾಗ ಏನು? ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟುಗಳಲ್ಲಿ 5 ವಾಟ್‌ವರೆಗಿನ ಶಕ್ತಿಯವು ಸಾಮಾನ್ಯ, ಟವರಿನ ಹಂಗಿಲ್ಲದೆ ಅವು ನೇರವಾಗಿ ಒಂದಕ್ಕೊಂದು ಮಾತನಾಡಬಲ್ಲವು. ಸಾಮಾನ್ಯ 4ಜಿ ಫೋನ್ ಹೊರಸೂಸುವುದು ಸುಮಾರು 0.2 ವಾಟ್, ಅದೂ ಟವರಿಗಾಗಿ. ಬ್ರಿಟನ್ ತನ್ನ ಏರ್‌ವೇವ್ ಜಾಲವನ್ನು ಮುಚ್ಚಿ ಎಲ್ಲರನ್ನೂ ಮೊಬೈಲ್ ಆಧಾರಿತ ಜಾಲಕ್ಕೆ ಸಾಗಿಸಲು 2019ರ ಗಡುವು ಇಟ್ಟುಕೊಂಡಿತ್ತು. ಅದು ಮತ್ತೆ ಮತ್ತೆ ಮುಂದೆ ಹೋಯಿತು. ಹೊಸದನ್ನು ತನ್ನಿ, ಹಳೆಯದನ್ನು ಅವಸರದಲ್ಲಿ ಬಿಚ್ಚಬೇಡಿ ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ: ನೆಲದಡಿಯ ರೈಲು ನಿಲ್ದಾಣಗಳಲ್ಲಿ ಈ ಸೆಟ್ಟುಗಳು ಕೆಲಸ ಮಾಡುತ್ತವೆಯೇ?

ಉತ್ತರ: ಪ್ರತ್ಯೇಕ ವ್ಯವಸ್ಥೆ ಮಾಡದಿದ್ದರೆ ಇಲ್ಲ. ಮಣ್ಣು, ಕಾಂಕ್ರೀಟ್ ಅಲೆಗಳನ್ನು ನುಂಗುತ್ತವೆ. ಸುರಂಗದುದ್ದಕ್ಕೂ ಅಲೆಗಳನ್ನು ಸ್ವಲ್ಪಸ್ವಲ್ಪವೇ ಸೋರಿಸುವ ಕೇಬಲ್ ಎಳೆಯಬೇಕಾಗುತ್ತದೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ 1987ರಲ್ಲಿ ಬೆಂಕಿ ಬಿದ್ದು 31 ಮಂದಿ ಸತ್ತಾಗಲೇ ವಿಚಾರಣಾ ವರದಿ ಈ ಕೊರತೆಯನ್ನು ಎತ್ತಿ ಹೇಳಿತ್ತು. 2005ರ ಜುಲೈ 7ರಂದು ಅದೇ ನಗರದ ಸುರಂಗಗಳಲ್ಲಿ ಬಾಂಬುಗಳು ಸಿಡಿದಾಗ ಸಾರಿಗೆ ಪೊಲೀಸರ ಸೆಟ್ಟುಗಳನ್ನು ಬಿಟ್ಟರೆ ಉಳಿದ ತುರ್ತು ಸೇವೆಗಳವು ನೆಲದಡಿ ಇನ್ನೂ ಕೆಲಸ ಮಾಡುತ್ತಿರಲಿಲ್ಲ. ಸುದ್ದಿ ತರಲು ಜನ ಮೇಲಕ್ಕೂ ಕೆಳಕ್ಕೂ ಓಡಬೇಕಾಯಿತು. 1988ರಲ್ಲಿ ಬಂದ ಆ ವರದಿಯ ಶಿಫಾರಸು ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದದ್ದು ಕ್ಷಮೆಗೆ ಅರ್ಹವಲ್ಲ.

ಪ್ರಶ್ನೆ: ಬೇರೆ ದೇಶದ ರಕ್ಷಣಾ ತಂಡ ತನ್ನ ವೈರ್‌ಲೆಸ್ ತರಬಹುದೇ?

ಉತ್ತರ: ಟ್ಯಾಂಪೆರೆ ಒಡಂಬಡಿಕೆ ಇರುವುದೇ ಅದಕ್ಕೆ. 1998ರಲ್ಲಿ ಅಂಗೀಕಾರಗೊಂಡು 2005ರ ಜನವರಿ 8ರಂದು ಜಾರಿಗೆ ಬಂದ ಅದು, ವಿಪತ್ತಿನ ನೆರವಿಗೆ ಬರುವ ಸಂಪರ್ಕ ಸಲಕರಣೆಗಳಿಗೆ ಪರವಾನಗಿ, ಸುಂಕಗಳ ಅಡ್ಡಿ ಇರದಂತೆ ಸದಸ್ಯ ದೇಶಗಳನ್ನು ಕೋರುತ್ತದೆ.

ಪ್ರಶ್ನೆ: ನಾನು ಕಂಟ್ರೋಲ್ ರೂಮಿನಲ್ಲಿ ಪಾಳಿ ಕೆಲಸ ಮಾಡುವವಳು. ಹೊಸ ಜಾಲ ಬರುವುದು ಯಾವಾಗಲೋ. ಹಣವಿಲ್ಲದೆ ಈಗಲೇ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಇದೆ ತಾಯಿ, ಬೇಕಾದಷ್ಟಿದೆ. ಎರಡು ಜಾಲಗಳನ್ನು ತಾತ್ಕಾಲಿಕವಾಗಿ ಬೆಸೆಯುವ ಗೇಟ್‌ವೇ ಪೆಟ್ಟಿಗೆ ನಿಮ್ಮಲ್ಲಿದ್ದರೆ ಅದನ್ನು ತೆರೆದು, ಬೆಸೆದು, ಬಿಡಿಸಿ ನೋಡಿ. ಬೆಸೆದಷ್ಟು ಹೊತ್ತು ಎರಡೂ ಕಡೆಯ ಒಂದೊಂದು ಚಾನೆಲ್ ಹಿಡಿದುಹೋಗುತ್ತದೆ ಎಂಬುದನ್ನೂ, ಬಿಡಿಸಲು ಮರೆತರೆ ಎರಡೂ ಕಡೆಯ ಗದ್ದಲ ಒಂದಾಗುತ್ತದೆ ಎಂಬುದನ್ನೂ ಶಾಂತವಾದ ದಿನವೇ ಕಲಿಯಬೇಕು. ಪೆಟ್ಟಿಗೆ ಇಲ್ಲದಿದ್ದರೆ ಪ್ರತಿ ಇಲಾಖೆಯ ಒಂದೊಂದು ಸೆಟ್ಟನ್ನು ಪರಸ್ಪರ ಬದಲಾಯಿಸಿಕೊಂಡು ಮೇಜಿನ ಮೇಲಿಡಿ, ಅದರ ಚಾರ್ಜರನ್ನೂ ಮರೆಯದೆ ಕೇಳಿ ಪಡೆಯಿರಿ. ಆಮೇಲೆ ದಿನಕ್ಕೊಮ್ಮೆ ಪಾಳಿ ಬದಲಾಗುವಾಗ ಜಂಟಿ ಚಾನೆಲ್ ತೆರೆದು ಆಚೆಯವರನ್ನು ಕರೆಯಿರಿ, ನಿಮ್ಮ ಹೆಸರು ಹೇಳಿ, ಅವರ ಹೆಸರು ಕೇಳಿ, ಒಂದು ಅಂಕಿ ಹೇಳಿ ಅದನ್ನು ಹಿಂದಿರುಗಿ ಓದಿಸಿ, ಸಮಯವನ್ನು ಲಾಗ್ ಪುಸ್ತಕದಲ್ಲಿ ಬರೆಯಿರಿ. ಉತ್ತರ ಬರದ ದಿನ ಕೆಂಪು ಶಾಯಿಯಲ್ಲಿ ಬರೆದು, ಅಂದೇ ಮೇಲಧಿಕಾರಿಯ ಸಹಿ ಪಡೆಯಿರಿ.