ಮುಜುಗರ ಆಗುತ್ತದೆ, ಎಂಬ್ಯಾರಸ್ ಮಾಡುತ್ತಾರೆ

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕಿಗ. ಕಳೆದ ತಿಂಗಳ ಸಭೆಯಲ್ಲಿ ಅಧ್ಯಕ್ಷರು ಎಲ್ಲರೆದುರು ನನ್ನನ್ನು ಹೊಗಳಿದರು. ಏನು ಹೇಳಬೇಕೆಂದು ತೋಚದೆ ‘ಸರ್, ಐ ಆಮ್ ವೆರಿ ಎಂಬ್ಯಾರಸಿಂಗ್’ ಎಂದುಬಿಟ್ಟೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನ್ನ ತಪ್ಪೇನು? ಈ ಪದವನ್ನು ದಿನನಿತ್ಯದ ಮಾತಿನಲ್ಲಿ ಬಳಸುವುದು ಹೇಗೆ?
– ಓದುಗರು, ಹಾಸನ

ಉತ್ತರ: ನೀವು ಹೇಳಬಯಸಿದ್ದು ‘ನನಗೆ ತುಂಬ ಮುಜುಗರವಾಗುತ್ತಿದೆ’ ಎಂದು. ಹೇಳಿದ್ದು ‘ನಾನು ಇತರರಿಗೆ ಮುಜುಗರ ತರುವ ಆಸಾಮಿ’ ಎಂದು. ನಕ್ಕವರನ್ನು ಕರೆದು ಕೇಳಿದ್ದರೆ ಅವರಿಗೂ ಕಾರಣ ವಿವರಿಸಲು ಬರುತ್ತಿತ್ತೋ ಇಲ್ಲವೋ, ನನಗೆ ಅನುಮಾನವಿದೆ.

ತಪ್ಪಿನ ಬೇರು ನಮ್ಮ ನುಡಿಯಲ್ಲೇ ಇದೆ. ಕನ್ನಡದಲ್ಲಿ ಹಸಿವು, ಬೇಸರ, ಮುಜುಗರ ಎಲ್ಲವೂ ತಾವಾಗಿಯೇ ನಮ್ಮ ಬಳಿಗೆ ಬರುತ್ತವೆ: ನನಗೆ ಹಸಿವಾಯಿತು, ನನಗೆ ಮುಜುಗರವಾಯಿತು. ಮಾಡಿದವರು ಯಾರೆಂದು ವಾಕ್ಯ ಕೇಳುವುದೇ ಇಲ್ಲ. ಇಂಗ್ಲಿಷಿನ ‘ಎಂಬ್ಯಾರಸ್’ ಹಾಗಲ್ಲ. ಅದು ಸಕರ್ಮಕ ಕ್ರಿಯಾಪದ. ಯಾರೋ ಅಥವಾ ಯಾವುದೋ ಇನ್ನೊಬ್ಬರನ್ನು ಮುಜುಗರಕ್ಕೆ ತಳ್ಳಬೇಕು. ‘ಹಿಸ್ ಕ್ವೆಶ್ಚನ್ ಎಂಬ್ಯಾರಸ್ಡ್ ಮಿ’ – ತಳ್ಳಿದ್ದು ಅವನ ಪ್ರಶ್ನೆ, ಬಿದ್ದವನು ನಾನು. ಹಾಗಾಗಿ ತಳ್ಳಿದ್ದಕ್ಕೆ ‘ಎಂಬ್ಯಾರಸಿಂಗ್’, ಬಿದ್ದವನಿಗೆ ‘ಎಂಬ್ಯಾರಸ್ಡ್’. ಮೆಣಸಿನಕಾಯಿ ‘ಇಂಗ್’, ಉರಿದ ನಾಲಿಗೆ ‘ಎಡ್’ ಎಂದು ನೆನಪಿಟ್ಟುಕೊಳ್ಳಿ. ಅಧ್ಯಕ್ಷರ ಹೊಗಳಿಕೆ ಮೆಣಸಿನಕಾಯಿ, ನೀವು ನಾಲಿಗೆ. ‘ಐ ಆಮ್ ಎಂಬ್ಯಾರಸ್ಡ್’ ಎಂದಿದ್ದರೆ ವ್ಯಾಕರಣದಲ್ಲಿ ಸರಿ. ಆದರೆ ಹೊಗಳಿಕೆಗೆ ನಗುತ್ತಾ ಹೇಳುವ ಸಹಜ ಮಾತು ‘ಸರ್, ಯು ಆರ್ ಎಂಬ್ಯಾರಸಿಂಗ್ ಮಿ’. ಕೊನೆಯ ‘ಮಿ’ಯನ್ನು ಮಾತ್ರ ನುಂಗಬೇಡಿ. ಅದನ್ನು ಬಿಟ್ಟರೆ ‘ನಿಮ್ಮಂಥವರ ಜೊತೆ ಓಡಾಡುವುದೇ ಮುಜುಗರ’ ಎಂದಾಗುತ್ತದೆ, ಮುಂದಿನ ಬಡ್ತಿಯ ಆಸೆಯನ್ನೂ ಬಿಡಬೇಕಾದೀತು.

‘ಐ ಎಂಬ್ಯಾರಸ್ಡ್ ಇನ್ ಫ್ರಂಟ್ ಆಫ್ ಎವ್ರಿವನ್’ ಎನ್ನುವುದೂ ಇದೇ ಜಾಡಿನ ತಪ್ಪು. ‘ಐ’ ನಂತರ ‘ವಾಸ್’ ಬೇಕು. ಅದಿಲ್ಲದಿದ್ದರೆ ಯಾರನ್ನು ಮುಜುಗರಕ್ಕೆ ತಳ್ಳಿದಿರಿ ಎಂದಾದರೂ ಹೇಳಬೇಕು. ನಿಮ್ಮನ್ನು ನೀವೇ ತಳ್ಳಿಕೊಂಡಿದ್ದರೆ ‘ಐ ಎಂಬ್ಯಾರಸ್ಡ್ ಮೈಸೆಲ್ಫ್’. ಕನ್ನಡದಲ್ಲಿ ‘ನಗೆಪಾಟಲಾದೆ’ ಎನ್ನುತ್ತೇವಲ್ಲ, ಅದು.

ಇನ್ನೊಂದು ತೊಡಕು ‘ನಾಚಿಕೆ’ಯದು. ಈ ಒಂದೇ ಪದದಲ್ಲಿ ನಾವು ಮದುಮಗಳ ಕೆಂಪೇರಿದ ಕೆನ್ನೆಯನ್ನೂ ‘ನಾಚಿಕೆಯಾಗಬೇಕು ನಿನಗೆ’ ಎಂಬ ಬೈಗುಳವನ್ನೂ ತುಂಬಿಬಿಟ್ಟಿದ್ದೇವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ. ಒಮ್ಮೆ ಮದುವೆಯ ಛತ್ರದಿಂದ ಹೊರಟು ಬಸ್ ನಿಲ್ದಾಣದವರೆಗೆ ಬಂದಿದ್ದೆ. ಹಿಂದೆಯೇ ಒಬ್ಬರು ಬರಿಗಾಲಿನಲ್ಲಿ ಓಡಿ ಬಂದು ನನ್ನ ಪಾದಗಳನ್ನೇ ನೋಡುತ್ತಾ ನಿಂತರು. ನಾನು ಮೆಟ್ಟಿಕೊಂಡಿದ್ದು ಅವರ ಚಪ್ಪಲಿ. ಆಗ ನಾನು ‘ಎಂಬ್ಯಾರಸ್ಡ್’. ಚೆನ್ನಾಗಿವೆ ಎಂದು ಬೇಕೆಂದೇ ಮೆಟ್ಟಿಕೊಂಡಿದ್ದರೆ ‘ಅಶೇಮ್ಡ್’ ಆಗಬೇಕಿತ್ತು, ಏಕೆಂದರೆ ಅಲ್ಲಿ ತಪ್ಪಿನ ಅರಿವು ಚುಚ್ಚುತ್ತದೆ. ಛತ್ರದೊಳಗೆ ಯಾರೊಡನೆಯೂ ಮಾತಾಡದೆ ಮೂಲೆಯಲ್ಲಿ ಕುಳಿತ ಹುಡುಗ ‘ಶೈ’. ಅದು ಅವನ ಸ್ವಭಾವ, ಘಟನೆಯಲ್ಲ.

ಸಂಕೋಚದಿಂದ ಏನನ್ನಾದರೂ ಮಾಡದೆ ಉಳಿದರೆ ‘ಟು’ ಸೇರಿಸಿ: ‘ಐ ವಾಸ್ ಎಂಬ್ಯಾರಸ್ಡ್ ಟು ಆಸ್ಕ್’, ಅಂದರೆ ಕೇಳಲು ಸಂಕೋಚವಾಯಿತು. ವಿಷಯ ಹೇಳುವಾಗ ‘ಅಬೌಟ್’. ನನಗೆ ಇಷ್ಟವಾದದ್ದು ‘ಫಾರ್’. ವೇದಿಕೆಯಲ್ಲಿ ಯಾರೋ ಮಾತು ಮರೆತು ತಡವರಿಸುವಾಗ ಕೆಳಗೆ ಕುಳಿತ ನಾವು ತಲೆ ತಗ್ಗಿಸುತ್ತೇವಲ್ಲ, ಅದೇ ‘ಐ ವಾಸ್ ಎಂಬ್ಯಾರಸ್ಡ್ ಫಾರ್ ಹಿಮ್’. ಅವನ ಪಾಲಿನ ಮುಜುಗರವನ್ನು ನಾವು ಪಟ್ಟುಕೊಟ್ಟಂತೆ.

ಈ ಪದ 17ನೇ ಶತಮಾನದಲ್ಲಿ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಅಡ್ಡಗಟ್ಟು, ತೊಡಕು ಮಾಡು’ ಎಂದಿತ್ತು. ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಎಂಬ್ಯಾರಸ್ ಎಂಬ ಹೆಸರಿನ ಊರೇ ಇದೆ. ಅಲ್ಲಿನವರು ನಾಚಿದ್ದಕ್ಕೆ ಬಂದ ಹೆಸರಲ್ಲ. ಹತ್ತಿರದ ನದಿ ದೋಣಿಗಳಿಗೆ ಒಡ್ಡುತ್ತಿದ್ದ ಅಡೆತಡೆಗೆ ಫ್ರೆಂಚರು ಇಟ್ಟ ಹೆಸರು. ‘ಫೈನಾನ್ಶಿಯಲಿ ಎಂಬ್ಯಾರಸ್ಡ್’ ಎಂದರೆ ಕೈಯಲ್ಲಿ ಕಾಸಿಲ್ಲ ಎಂದಾಗುವುದೂ ಆ ಹಳೆಯ ಅರ್ಥದ ನೆರಳಿನಲ್ಲೇ. ನಮ್ಮ ‘ಪೇಚು’ ಕೂಡ ಪಾರಸಿ ಮೂಲದ್ದು, ಅಲ್ಲಿ ಅದಕ್ಕೆ ಸುರುಳಿ, ತಿರುಚು ಎಂಬ ಅರ್ಥ. ಪೇಚಿಗೆ ಸಿಕ್ಕಿಸುವುದು ಎಂದರೆ ಎಂಬ್ಯಾರಸ್ ಮಾಡುವುದೇ. ಇದಕ್ಕಿಂತ ಹತ್ತಿರದ ಅನುವಾದ ನನಗೆ ಸಿಕ್ಕಿಲ್ಲ.

ಕಾಗುಣಿತದಲ್ಲಿ ಆರ್ ಎರಡು, ಎಸ್ ಎರಡು. (‘ಹೆರಾಸ್’ ಪದಕ್ಕೆ ಆರ್ ಒಂದೇ, ಎಡವುವುದು ಅಲ್ಲೇ.) ಉಚ್ಚಾರಣೆಯಲ್ಲಿ ಒತ್ತು ‘ಬ್ಯಾ’ ಮೇಲೆ, ಕೊನೆಯನ್ನು ‘ರಾಸ್’ ಎಂದು ಎಳೆಯಬೇಡಿ. ‘ಎಡ್’ ಬಂದಾಗ ಕೇಳಿಸುವುದು ಬಹುಮಟ್ಟಿಗೆ ‘ಟ್’.

ಪ್ರಶ್ನೆ: ಶಾಲೆಯ ಗೇಟಿನ ಬಳಿ ಮಗಳನ್ನು ಕೂಗಿ ಕರೆದರೆ ‘ಅಮ್ಮಾ, ಡೋಂಟ್ ಎಂಬ್ಯಾರಸ್ ಮಿ’ ಎನ್ನುತ್ತಾಳೆ. ಇದು ಉದ್ಧಟತನವಲ್ಲವೇ?
– ಓದುಗರು, ಮೈಸೂರು

ಉತ್ತರ: ವ್ಯಾಕರಣ ಅಚ್ಚುಕಟ್ಟಾಗಿದೆ, ಕರ್ಮಪದವನ್ನೂ ಮರೆತಿಲ್ಲ. ನಿಮಗೆ ಚುಚ್ಚಿದ್ದು ಆ ಕ್ರಿಯಾಪದ ಮಾಡಿದವರತ್ತ ನೇರವಾಗಿ ಬೆರಳು ತೋರಿಸುವುದರಿಂದ. ‘ಅಮ್ಮಾ, ನನಗೆ ಮುಜುಗರವಾಗುತ್ತದೆ’ ಎಂದಿದ್ದರೆ ಇಷ್ಟು ನೋಯುತ್ತಿರಲಿಲ್ಲ, ಅಲ್ಲವೇ? ಇಂಗ್ಲಿಷಿನಲ್ಲೇ ಹೇಳುವುದಾದರೆ ‘ಐ ಫೀಲ್ ಎಂಬ್ಯಾರಸ್ಡ್’ ಎನ್ನಲು ಕಲಿಸಿ. ಅದರಲ್ಲಿ ನೀವು ಕಾಣಿಸುವುದಿಲ್ಲ. ಮತ್ತೆ, ನೀವು ಗೇಟಿನ ಬಳಿ ಕೂಗುವುದು ಮನೆಯ ಮುದ್ದಿನ ಹೆಸರನ್ನಾದರೆ, ನಾನು ಮಗಳ ಪಕ್ಷ.