ಇಳಕಲ್ ಸೀರೆ, ಯೂನಿಫಾರ್ಮ್, ಜೀನ್ಸ್: ಯಾವುದಕ್ಕೆ ಎಷ್ಟು ಕಾವು?

ಹೊಸ ಇಸ್ತ್ರಿ ಪೆಟ್ಟಿಗೆ ತಂದಿದ್ದೀರಿ, ಅವ್ವ ಕೊಟ್ಟ ಇಳಕಲ್ ಸೀರೆಗೆ ಹಚ್ಚಲು ಧೈರ್ಯ ಬರುತ್ತಿಲ್ಲ, ಮಕ್ಕಳ ಯೂನಿಫಾರ್ಮ್ ಮತ್ತು ಮನೆಯವರ ಜೀನ್ಸಿಗೆ ಎಷ್ಟು ಕಾವು ಇಡಬೇಕು ಅಂತಲೂ ಕೇಳಿದ್ದೀರಿ. ಕೊಪ್ಪಳದಲ್ಲಿ ನಮ್ಮದು ಇಸ್ತ್ರಿ ಅಂಗಡಿ. ಇಳಕಲ್ ಸೀರೆ ನಮ್ಮಲ್ಲಿಗೆ ತುಂಬ ಬರುತ್ತದೆ, ಅದರಿಂದಲೇ ಶುರು ಮಾಡುತ್ತೇನೆ.

ಸೀರೆ ಒಂದೇ, ಆದರೆ ಅದರೊಳಗೆ ಬಟ್ಟೆ ಎರಡು. ಸಾಂಪ್ರದಾಯಿಕ ಇಳಕಲ್‌ನಲ್ಲಿ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದೋ ಆರ್ಟ್ ಸಿಲ್ಕಿನದೋ ಇರುತ್ತದೆ. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗು ಶುರುವಾಗುವಲ್ಲಿ ಒಳಮಗ್ಗಲು ಬೆರಳಾಡಿಸಿ ನೋಡಿ, ಆ ಸಾಲು ಕೈಗೆ ಸಿಗುತ್ತದೆ. ಹತ್ತಿ ತಡೆಯುವ ಕಾವು ಸೆರಗಿಗೆ ತಾಗಿದರೆ ಅದರ ಹೊಳಪು ಹೋಯಿತೆಂದೇ ತಿಳಿಯಿರಿ. ಹಾಗಾಗಿ ಪೆಟ್ಟಿಗೆ ಇನ್ನೂ ಕಡಿಮೆ ಕಾವಿನಲ್ಲಿರುವಾಗ ಮೊದಲು ಸೆರಗು, ಆಮೇಲೆ ಒಡಲು. ಸೆರಗನ್ನು ತಿರುವಿ ಹಾಕಿ, ಮೇಲೊಂದು ತೆಳು ಬಿಳಿ ಹತ್ತಿ ಬಟ್ಟೆ ಹಾಸಿ, ಒತ್ತಿ ಎತ್ತಿ, ಎಳೆದಾಡಬೇಡಿ. ರೇಷ್ಮೆಗೆ ನೀರು ಚಿಮುಕಿಸಬೇಡಿ, ಹನಿ ಬಿದ್ದಲ್ಲಿ ಕಲೆ ಕೂರುತ್ತದೆ. ಕಸೂತಿ ಇದ್ದರೆ ದಪ್ಪ ಟವೆಲ್ ಮೇಲೆ ಬೋರಲಾಗಿ ಹಾಕಿ ಹಿಂದಿನಿಂದ ಒತ್ತಿ, ಹೊಲಿಗೆ ಚಪ್ಪಟೆಯಾಗುವುದಿಲ್ಲ.

ಬಟ್ಟೆಯ ಲೇಬಲ್ ಮೇಲಿನ ಇಸ್ತ್ರಿ ಚಿತ್ರದಲ್ಲಿ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆಗೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ನೈಲಾನ್‌ಗೆ ಒಂದು, ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್‌ಗೆ ಎರಡು, ಹತ್ತಿಗೆ ಮೂರು. ಯೂನಿಫಾರ್ಮ್ ಸಾಮಾನ್ಯವಾಗಿ ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಬೆರೆತದ್ದು. ಬೆರಕೆ ಬಟ್ಟೆಯಲ್ಲಿ ಕಾವು ತಡೆಯದ ಎಳೆ ಯಾವುದೋ ಅದರ ಲೆಕ್ಕವೇ ನಡೆಯಬೇಕು.

ಲೇಬಲ್ ಇಲ್ಲದಿದ್ದರೆ ಒಳಹೊಲಿಗೆ ಅಂಚಿನಿಂದ ಬಟ್ಟೆಯದೇ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಗೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಬಳ್ಳಾರಿ ಜೀನ್ಸ್ ಆದರೂ ಬೇರೆ ಊರಿನದಾದರೂ ದಪ್ಪ ಹತ್ತಿಯದಾದರೆ ಸ್ವಲ್ಪ ಹಸಿಯಿರುವಾಗಲೇ ಒಳಮೈ ತಿರುವಿ ಹೆಚ್ಚು ಕಾವಿನಲ್ಲಿ ಮಾಡಿ. ಎಳೆದರೆ ಹಿಗ್ಗುವ ಪ್ಯಾಂಟಿಗೆ ಕಾವು ಇಳಿಸಿ. ಗುಂಡಿ, ಜಿಪ್ಪು ಕಾದಿರುತ್ತವೆ, ಇಸ್ತ್ರಿಯಾದ ತಕ್ಷಣ ಮಕ್ಕಳಿಗೆ ಹಾಕಬೇಡಿ. ನಮ್ಮ ಕಡೆಯ ಬೇಸಿಗೆ ಬಿಸಿಲಲ್ಲಿ ಹತ್ತಿ ಬಟ್ಟೆ ಹಪ್ಪಳದಂತೆ ಒಣಗುತ್ತದೆ, ಅದಕ್ಕೆ ನೀರು ಚಿಮುಕಿಸಿ ಸುತ್ತಿಟ್ಟು ಆಮೇಲೆ ಮಾಡಿದರೆ ಸುಕ್ಕು ಬೇಗ ಬಿಡುತ್ತದೆ. ಕಲೆಯಿರುವ ಬಟ್ಟೆಗೆ ಮಾತ್ರ ಇಸ್ತ್ರಿ ಹಚ್ಚಲೇಬೇಡಿ, ಕಾವಿಗೆ ಕಲೆ ಕಚ್ಚಿಕೊಳ್ಳುತ್ತದೆ.

ಸ್ಟೀಮ್ ಪೆಟ್ಟಿಗೆಯಾದರೆ ಗಡಸು ಬೋರ್ ನೀರು ತುಂಬಬೇಡಿ. ತೂತುಗಳಲ್ಲಿ ಸುಣ್ಣ ಕಟ್ಟಿ, ಒಂದು ದಿನ ಬಟ್ಟೆ ಮೇಲೆ ಬಿಳಿ ಕಲೆಯಾಗಿ ಸುರಿಯುತ್ತದೆ. ಪ್ಲಗ್ ತೆಗೆದೇ ನೀರು ತುಂಬಿ. ಅರ್ಥಿಂಗ್ ಇರುವ ಮೂರು ಪಿನ್ ಸಾಕೆಟ್ಟೇ ಇರಲಿ, ಒದ್ದೆ ನೆಲದ ಮೇಲೆ ನಿಲ್ಲಬೇಡಿ.

ಕರೆಂಟ್ ಹೋದಾಗ ಪ್ಲಗ್ ಕಿತ್ತೇ ಮುಂದಿನ ಕೆಲಸಕ್ಕೆ ಹೋಗಿ. ನೀವು ಅಂಗಡಿಗೆ ಹೋದಾಗ ಕರೆಂಟ್ ಬಂದರೆ ಬಟ್ಟೆ ಮೇಲಿನ ಪೆಟ್ಟಿಗೆ ಮನೆಗೇ ಬೆಂಕಿ ಹಚ್ಚಬಹುದು. ಕೈ ಸುಟ್ಟರೆ ಪೇಸ್ಟ್ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರಿನಡಿ ಹಿಡಿಯಿರಿ, ದೊಡ್ಡ ಸುಟ್ಟಗಾಯವಾದರೆ ಡಾಕ್ಟರಿಗೆ ತೋರಿಸಿ.