ಮೊದಲು ಬರೆಯಿರಿ, ಆಮೇಲೆ ಚರ್ಚಿಸಿ

ಪ್ರಶ್ನೆ: ಸಮಸ್ಯೆ ಎದುರಾದಾಗಲೆಲ್ಲ ನಮ್ಮ ತಂಡದವರು ಒಟ್ಟಾಗಿ ಕುಳಿತು ಚರ್ಚಿಸುತ್ತೇವೆ. ಆದರೆ ಇಬ್ಬರು ಮೂವರಷ್ಟೇ ಮಾತನಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಹಳೆಯ ಉಪಾಯಗಳೇ ಮತ್ತೆ ಬರುತ್ತವೆ. ಹೊಸದಾಗಿ ಯೋಚಿಸಲು ಏನಾದರೂ ಕ್ರಮವಿದೆಯೇ?

ಉತ್ತರ: ಖಂಡಿತ ಇದೆ. ನಿಮ್ಮ ತಂಡದವರ ಜಾಣತನವನ್ನು ಶಂಕಿಸುವ ಮೊದಲು ಸಭೆ ನಡೆಯುವ ರೀತಿಯನ್ನು ಗಮನಿಸಿ. ಎಲ್ಲರೂ ಸೇರಿ ತೋಚಿದ್ದನ್ನು ಹೇಳುತ್ತ ಹೋಗುವ ಬ್ರೈನ್‌ಸ್ಟಾರ್ಮಿಂಗ್ ವಿಧಾನವನ್ನು ರೂಪಿಸಿದವರು ಅಮೆರಿಕದ ಜಾಹೀರಾತು ಉದ್ಯಮದಲ್ಲಿದ್ದ ಅಲೆಕ್ಸ್ ಆಸ್ಬಾರ್ನ್. ಟೀಕೆಯನ್ನು ಮುಂದೂಡಬೇಕು, ವಿಚಿತ್ರವೆನಿಸಿದ್ದನ್ನೂ ಹೇಳಬೇಕು, ಇನ್ನೊಬ್ಬರ ಉಪಾಯವನ್ನು ಬೆಳೆಸಬೇಕು ಎಂಬ ಅವರ ನಿಯಮಗಳು ಇಂದಿಗೂ ಒಳ್ಳೆಯವೇ. ಆದರೆ 1958ರಲ್ಲಿ ಪ್ರಕಟವಾದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಒಟ್ಟಿಗೆ ಕುಳಿತ ನಾಲ್ವರಿಗಿಂತ ಬೇರೆ ಬೇರೆಯಾಗಿ ಯೋಚಿಸಿದ ನಾಲ್ವರ ಉಪಾಯಗಳೇ, ಪುನರಾವರ್ತನೆಗಳನ್ನು ಕಳೆದ ಮೇಲೂ, ಹೆಚ್ಚಾಗಿದ್ದವು. ಇದಕ್ಕೆ ಸಂಕೋಚವೇ ಕಾರಣವೆಂದು ನಮಗೆ ಅನ್ನಿಸುವುದು ಸಹಜ. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಎಂಬ ಸಂಶೋಧಕರು ತೋರಿಸಿದ ಮುಖ್ಯ ಕಾರಣ ಇನ್ನೂ ಸರಳವಾದುದು. ಗುಂಪಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತನಾಡಬಹುದಾದ್ದರಿಂದ, ಸರದಿಗಾಗಿ ಕಾಯುವವರು ಹೇಳಬೇಕಾದ್ದನ್ನು ಮರೆಯದಂತೆ ಹಿಡಿದಿಟ್ಟುಕೊಳ್ಳುವುದರಲ್ಲೇ ತೊಡಗುತ್ತಾರೆ, ಅವರ ಮುಂದಿನ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

ಆದ್ದರಿಂದ ಬರವಣಿಗೆಯಿಂದ ಆರಂಭಿಸಿ. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1969ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆರು ಜನರು ಐದು ನಿಮಿಷ ಮೌನವಾಗಿ ತಲಾ ಮೂರು ಉಪಾಯಗಳನ್ನು ಬರೆದು, ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಅವರು ಅದನ್ನು ಓದಿ, ಅದರ ಕೆಳಗೆ ತಮ್ಮ ಮೂರನ್ನು ಸೇರಿಸುತ್ತಾರೆ. ಆರು ಸುತ್ತು ಮುಗಿಯುವಾಗ, ಎಂದರೆ ಅರ್ಧ ಗಂಟೆಯಲ್ಲಿ, 108 ಉಪಾಯಗಳು ಕೈಯಲ್ಲಿರುತ್ತವೆ. ಬಹುಪಾಲು ಜೊಳ್ಳೇ ಆಗಿದ್ದರೂ ಚಿಂತಿಸಬೇಡಿ. ಹಾಳೆಯ ಮೇಲೆ ಹೆಸರು ಬರೆಸದಿದ್ದರೆ, ಹಿರಿಯರ ಮಾತಿಗೆ ಸಿಗುವಷ್ಟೇ ಗಮನ ಮೆಲುದನಿಯವರ ಸಲಹೆಗೂ ಸಿಗುತ್ತದೆ. ನನ್ನ ಮಟ್ಟಿಗೆ ಇದು ಬಹಳ ಮುಖ್ಯ.

ಪ್ರಶ್ನೆ: ನಾನು ಒಬ್ಬಳೇ ಕೆಲಸ ಮಾಡುವವಳು. ಒಂದೇ ದಾರಿಯಲ್ಲಿ ಯೋಚನೆ ಸಿಕ್ಕಿಹಾಕಿಕೊಂಡಾಗ ಹೊರಬರುವುದು ಹೇಗೆ?

ಉತ್ತರ: ಮನೋವಿಜ್ಞಾನಿ ಕಾರ್ಲ್ ಡುಂಕರ್ ಅವರ ಪ್ರಯೋಗವೊಂದು ನಿಮಗೆ ನೆರವಾದೀತು. ಒಂದು ಮೇಣದಬತ್ತಿ, ಬೆಂಕಿಕಡ್ಡಿಗಳು, ಒಂದು ಪೆಟ್ಟಿಗೆಯ ತುಂಬ ಗುಂಡುಪಿನ್ನುಗಳು ಮೇಜಿನ ಮೇಲಿವೆ. ಬತ್ತಿಯನ್ನು ಗೋಡೆಗೆ ನಿಲ್ಲಿಸಿ ಉರಿಸಬೇಕು. ಹಲವರು ಬತ್ತಿಗೇ ಪಿನ್ನು ಚುಚ್ಚಲು ಹೊರಡುತ್ತಾರೆ, ಇಲ್ಲವೇ ಮೇಣ ಕರಗಿಸಿ ಅಂಟಿಸಲು ನೋಡುತ್ತಾರೆ. ಪೆಟ್ಟಿಗೆಯನ್ನು ಬರಿದುಮಾಡಿ ಗೋಡೆಗೆ ಪಿನ್ನಿನಿಂದ ಬಿಗಿದರೆ ಅದೇ ಬತ್ತಿಯ ಪೀಠವಾಗುತ್ತದೆ. ಪಿನ್ನುಗಳನ್ನು ಹೊರಗೆ ಸುರಿದು ಪೆಟ್ಟಿಗೆಯನ್ನು ಖಾಲಿಯಾಗಿ ಕೊಟ್ಟಾಗ ಹೆಚ್ಚು ಜನರಿಗೆ ಉತ್ತರ ಹೊಳೆಯಿತು. ತುಂಬಿದ ಪೆಟ್ಟಿಗೆ ಕಣ್ಣೆದುರಿಗೇ ಇದ್ದರೂ ಪಿನ್ನು ಇಡುವ ಸಾಧನವಾಗಿಯಷ್ಟೇ ಕಾಣುತ್ತಿತ್ತು.

ನಿಮ್ಮ ಕೈಯಲ್ಲಿರುವ ಸಮಯ, ಸಲಕರಣೆ, ಸಹಾಯ ಎಲ್ಲವನ್ನೂ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆಯೂ ‘ಇದರ ಈಗಿನ ಬಳಕೆಯನ್ನು ಮರೆತರೆ ಇದು ಇನ್ನೇನಕ್ಕೆ ಒದಗೀತು?’ ಎಂದು ಬರೆದುಕೊಳ್ಳಿ. ಸಮಸ್ಯೆಯನ್ನೂ ಹೀಗೆಯೇ ತಿರುಗಿಸಿ ನೋಡಬೇಕು: ‘ಕೆಲಸವನ್ನು ಬೇಗ ಮುಗಿಸುವುದು ಹೇಗೆ’ ಎಂದು ಕೇಳುವ ಬದಲು ‘ಇದರಲ್ಲಿ ಯಾವ ಭಾಗವನ್ನು ಮಾಡದಿದ್ದರೂ ನಡೆಯುತ್ತದೆ’ ಎಂದು ಕೇಳಿದೊಡನೆ ಉತ್ತರಗಳ ದಿಕ್ಕೇ ಬದಲಾಗುತ್ತದೆ. ಇಷ್ಟಾದ ಮೇಲೂ ದಾರಿ ಕಾಣದಿದ್ದರೆ ಅದನ್ನು ಬದಿಗಿಟ್ಟು ಬೇರೆ ಕೆಲಸ ಹಿಡಿಯಿರಿ. ಈ ವಿರಾಮದ ಮಹತ್ವವನ್ನು ಇಂಗ್ಲೆಂಡಿನ ಚಿಂತಕ ಗ್ರಹಾಂ ವಾಲಸ್ 1926ರಲ್ಲೇ ಗುರುತಿಸಿದ್ದರು. ಆದರೆ ಹೊಸ ಯೋಚನೆ ಹುಟ್ಟುವ ಹಂತಗಳನ್ನು ವಿವರಿಸುವ ಅವರ ಕ್ರಮದಲ್ಲೂ ವಿರಾಮಕ್ಕಿಂತ ಮೊದಲು ಪೂರ್ವಸಿದ್ಧತೆಯ ಹಂತವಿದೆ.

ಪ್ರಶ್ನೆ: ಉಪಾಯಗಳಿಗೆ ಕೊರತೆಯಿಲ್ಲ, ಆರಿಸಿಕೊಳ್ಳುವುದೇ ಕಷ್ಟ. ಏನು ಮಾಡಲಿ?

ಉತ್ತರ: ಆಯ್ಕೆಯನ್ನು ಇನ್ನೊಂದು ದಿನಕ್ಕಿಡಿ, ಪಟ್ಟಿಯನ್ನು ಓದುವ ಮೊದಲೇ ನಿಮ್ಮ ಮಾನದಂಡಗಳನ್ನು ಬರೆದಿಡಿ. ಅವುಗಳಿಗೆ ಹೊಂದುವ ಎರಡು ಮೂರನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಿ ನೋಡಿ. ಉಳಿದ ಪಟ್ಟಿಯನ್ನು ಮಾತ್ರ ಎಸೆಯಬೇಡಿ.